ಕಾಶೆವ್ವನ ಬಾಗಿಲಲ್ಲೇ ಬಂದ್ ಆದ ಎಂಜಿನ್ನಿನ ಕುರಿತು

ನನ್ನ ಮೊಮ್ಮಗ ಸೂರಜನ ಬಿಳಿ ಕಾರಿನ ಬಾನೆಟ್ಟಿನೊಳಗೆ, ಎಂಜಿನ್ನಿನ ಮಗ್ಗುಲಲ್ಲಿ ಬೆಲ್ಟು ಬಿಗಿದುಕೊಂಡು ಸದಾ ಸೇವೆಗೆ ಸಿದ್ಧರಾಗಿ ಕೂತಿರುವ ಸ್ಟಾರ್ಟರ್-ಜನರೇಟರ್ ಸಾಹೇಬರಿಗೆ, ಮೂಡಲಗಿ ತಾಲೂಕಿನ ಕುಲಗೋಡದ ಅಲ್ಲವ್ವ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಬೆಲ್ಟು ಸವೆಯದಿರಲಿ, ತಮ್ಮ ವೈರನ್ನು ಇಲಿ ಕಡಿಯದಿರಲಿ, ಕಬ್ಬಿನ ಹಂಗಾಮಿನ ಧೂಳು ತಮ್ಮ ಮೂಗಿಗೆ ಹೋಗದಿರಲಿ. ನಾನು ಕಲಿತದ್ದು ಊರ ಸಾಲೆಯಲ್ಲಿ ಮೂರನೇ ಇಯತ್ತೆಯ ತನಕ ಮಾತ್ರ. ಆದಕಾರಣ ದೊಡ್ಡವರಿಗೆ ಪತ್ರ ಬರೆಯುವ ಪದ್ಧತಿಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮಗೆ ಹೊಟ್ಟೆ ಇಲ್ಲದಿದ್ದರೆ ಬ್ಯಾಟರಿಗೆ ಹಾಕಿಕೊಂಡರೂ ನಡೆದೀತು.

ಮೊದಲು ತಮ್ಮ ಗುಣಗಾನ ಮಾಡುವುದು ನನ್ನ ಧರ್ಮ. ಈ ಕಾರು ಮನೆಗೆ ಬಂದಾಗಿನಿಂದ ಸೂರಜ ರೊಟ್ಟಿ ಮುರಿಯುತ್ತಲೂ ತಮ್ಮದೇ ಸುದ್ದಿ ಹೇಳುತ್ತಾನೆ. ಬೇರೆ ಗಾಡಿಗಳಲ್ಲಿ ಎಂಜಿನ್ ಎಬ್ಬಿಸಲು ಒಬ್ಬ ಆಳು, ಕರೆಂಟು ಮಾಡಲು ಇನ್ನೊಬ್ಬ ಆಳು ಇದ್ದರೆ, ತಾವು ಎರಡೂ ಕೆಲಸ ಒಬ್ಬರೇ ಮಾಡುತ್ತೀರಂತೆ. ಬ್ಯಾಟರಿಯಿಂದ ಕರೆಂಟು ಕೊಟ್ಟರೆ ತಾವು ತಿರುಗಿ, ಆ ಬೆಲ್ಟಿನಿಂದಲೇ ಎಂಜಿನ್ನನ್ನು ತಿರುವಿ ಎಬ್ಬಿಸುತ್ತೀರಿ. ಎಂಜಿನ್ ತಮ್ಮನ್ನು ತಿರುಗಿಸಿದರೆ ತಾವು ಕರೆಂಟು ಮಾಡಿ ಕೊಡುತ್ತೀರಿ. ಸೂರಜ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಸುಮ್ಮನೆ ಹಾಳಾಗಿ ಹೋಗುವ ಗಾಡಿಯ ಓಟವನ್ನು ಹಿಡಿದು ಕರೆಂಟು ಮಾಡಿ ಮುಂದಿನ ಸೀಟಿನ ಕೆಳಗಿನ ಬ್ಯಾಟರಿಯಲ್ಲಿ ಕೂಡಿಹಾಕುತ್ತೀರಿ, ಮುಂದೆ ಏರು ಬಂದಾಗ ಅದನ್ನೇ ಖರ್ಚು ಮಾಡಿ ಎಂಜಿನ್ನಿಗೆ ಹೆಗಲು ಕೊಡುತ್ತೀರಿ. ತಾವೊಬ್ಬರೇ ಗಾಡಿ ಎಳೆಯಲಾರಿರಿ, ಆದರೆ ಎಳೆಯುವವನ ಹಿಂದೆ ನಿಂತು ತಳ್ಳುತ್ತೀರಿ. ಇಂಥ ಗುಣದ ಸೊಸೆಯನ್ನು ಹುಡುಕಿಕೊಂಡು ನಾನು ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ತಿರುಗಿದ್ದೆ, ಸಿಕ್ಕಿದವಳು ಶೋಭಾ. ಇರಲಿ. ತಾವು ಕೂಡಿಟ್ಟ ಬ್ಯಾಟರಿಯ ಮೇಲೆ ಕಾವಿಗೆ ಕೂತ ಕೋಳಿಯ ಹಾಗೆ ಕೂರುವ ಭಾಗ್ಯ ನನ್ನದಾಗಿತ್ತಲ್ಲ, ಅಷ್ಟೇ ಸಾಕು.

ಇನ್ನು ನನ್ನ ತಕರಾರು. ಗಾಡಿ ನಿಂತು, ಸೂರಜ ಗೇರನ್ನು ನ್ಯೂಟ್ರಲ್ಲಿಗೆ ತಂದು ಕ್ಲಚ್ಚಿನಿಂದ ಕಾಲೆತ್ತಿದರೆ ಸಾಕು, ಎಂಜಿನ್ ಗಪ್. ಮತ್ತೆ ಕ್ಲಚ್ಚು ತುಳಿದರೆ ಸಾಕು, ತಾವು ಎಬ್ಬಿಸಿದಿರೋ ಇಲ್ಲವೋ ತಿಳಿಯದಷ್ಟು ಮೆತ್ತಗೆ ಚಾಲೂ. ನಿಂತಲ್ಲೇ ನಿಂತು ಪೆಟ್ರೋಲು ಸುಡುವುದು ಇದರಿಂದ ತಪ್ಪುತ್ತದಂತೆ. ಪೆಟ್ರೋಲು ಉಳಿಯಿತು, ಒಪ್ಪಿದೆ. ಸುಟ್ಟದ್ದು ನನ್ನ ಮಾನ.

ನಮ್ಮಲ್ಲಿ ಮೊದಲಿದ್ದದ್ದು ಡೀಸೆಲ್ ಜೀಪು. ಅದು ನಿಂತಾಗಲೂ ಹಲ್ಲು ಕಡಿಯುತ್ತ, ಕೂತವರ ಮೈ ನಡುಗಿಸುತ್ತ ಗುಡುಗುತ್ತಿತ್ತು. ಆ ಸದ್ದಿನ ಮರೆಯಲ್ಲಿ ನಾನು ಬೀಗರು, ನೆರೆಯವರು, ಮಹಿಳಾ ಸಂಘದವರು, ಎಲ್ಲರ ಯೋಗ್ಯತೆಯನ್ನೂ ಅವರವರ ಬಾಗಿಲ ಮುಂದೆಯೇ ಕೂತು ತೂಗಿದ್ದೇನೆ. ಒಂದಕ್ಷರ ಹೊರಗೆ ಹೋಗಿರಲಿಲ್ಲ. ನನ್ನ ದನಿ ಆ ಜೀಪಿನ ಅಳತೆಗೆ ಹೊಲಿಸಿದ್ದು. ಅದನ್ನು ಈಗ ತಮ್ಮ ಅಳತೆಗೆ ಕತ್ತರಿಸುವ ವಯಸ್ಸು ನನ್ನದಲ್ಲ.

ಸೂರಜನ ತಂಗಿ ರಾಧಿಕಾಳನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ. ಅವಳೀಗ ಚೊಚ್ಚಲ ಬಸುರಿ. ಸೀಮಂತದ ಕುಬಸ ಮುಗಿದ ಮೇಲೆ ಹೆರಿಗೆಗೆ ತವರಿಗೆ ಕರೆತರುವುದು ನಮ್ಮಲ್ಲಿ ನಡೆದುಬಂದ ರೀತಿ. ಆದರೆ ಅವಳ ಅತ್ತೆ ಕಾಶೆವ್ವ, ದವಾಖಾನೆ ಇಲ್ಲೇ ಹತ್ತಿರವಿದೆ, ಅಲ್ಲಿಗೆ ಯಾಕೆ ಎಂದು ಫೋನಿನಲ್ಲೇ ಹಗ್ಗ ಎಳೆಯುತ್ತಿದ್ದಳು. ಎದುರಿಗೆ ಹೋಗಿ, ಮೆತ್ತಗೆ ಮಾತಾಡಿ, ನಮ್ಮ ಕೂಸು ರಾಧಿಕಾಳನ್ನು ಕರೆದುಕೊಂಡೇ ಬರಬೇಕೆಂದು ನಾನು, ಶೋಭಾ, ಸೂರಜ ಹೊರಟೆವು. ಎ.ಸಿ. ಹಾಕಿದರೆ ನನ್ನ ಮೊಣಕಾಲು ಹಿಡಿಯುತ್ತದೆ. ಅದನ್ನು ಬಂದ್ ಮಾಡಿಸಿ ಕಿಟಕಿಯ ಗಾಜು ಇಳಿಸಿದ್ದೆ. ಮೇಲವಂಕಿಯ ಹತ್ತಿರ ಶುರು ಮಾಡಿದ ಕಾಶೆವ್ವನ ವರ್ಣನೆ ಹುಕ್ಕೇರಿ ಮುಟ್ಟಿದರೂ ಮುಗಿದಿರಲಿಲ್ಲ.

ಅವಳ ಓಣಿಯ ತಿರುವಿನಲ್ಲಿ, ಅವಳ ಬಾಗಿಲ ಮುಂದೆಯೇ, ಕೆಟ್ಟು ನಿಂತ ಕಬ್ಬಿನ ಟ್ರ್ಯಾಕ್ಟರು ಅಡ್ಡ ಇತ್ತು. ಸೂರಜ ನಿಲ್ಲಿಸಿದ. ನಾನು ಹಿಂದಕ್ಕೆ ತಿರುಗಿ, “ನಾ ಹೇಳ್ತೇನಿ ಕೇಳ ಶೋಭಾ,” ಎನ್ನುವಾಗ ಎಂಜಿನ್ ಇತ್ತು. “ನಾಕ ಎಮ್ಮಿ ಕಟ್ಟಿ, ಚಾದಾಗ ಹಾಲಿನ ನೆಳ್ಳಷ್ಟ ತೋರಸಾಕಿ ಅಂದ್ರ ನಮ್ಮ ಕಾಶೆವ್ವ ಒಬ್ಬಾಕಿನ ನೋಡು,” ಎನ್ನುವಾಗ ಇರಲಿಲ್ಲ. ತಾವು ಆ ಎರಡರ ನಡುವೆ ಎಂಜಿನ್ನಿಗೆ ರಜೆ ಕೊಟ್ಟಿದ್ದಿರಿ. ನನ್ನ ಕಿಟಕಿಯ ಆಚೆ, ಕೈಗೆಟಕುವಷ್ಟು ಹತ್ತಿರದಲ್ಲಿ, ಬಂದವರ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಿಂತವಳು ಕಾಶೆವ್ವ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

“ಬರ್ರಿ ಅಲ್ಲವ್ವಾರ, ಕಾಲ ತೊಳಕೋರಿ,” ಎಂದಳು. “ನೆಳ್ಳ ಕಾಸಾಕ ಇಟ್ಟೇನಿ, ಈಗ ಆಕ್ಕೈತಿ.”

ಒಳಗೆ ಆ ಹಾಲಿನ ನೆರಳಿನ ಬದಲು ನನಗೊಬ್ಬಳಿಗೇ ದೊಡ್ಡ ಲೋಟದ ತುಂಬ, ನೀರಿನ ಹನಿ ಸೋಕದ, ಕೆನೆ ಕಟ್ಟಿದ ಗಟ್ಟಿ ಹಾಲಿನ ಚಹಾ ಬಂತು. ನನಗೆ ಹಾಲು ಅರಗುವುದಿಲ್ಲವೆಂಬುದು ಅವಳಿಗೆ ಗೊತ್ತು. “ತಳಾ ಕಾಣೂಮಟಾ ಕುಡೀರಿ, ನೆಳ್ಳ ತಳದಾಗ ಕುಂತಿರ್ತೈತಿ,” ಎಂದು ಎದುರಿಗೇ ಕೂತಳು. ಶೋಭಾ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು. ಇನ್ನು ರಾಧಿಕಾ ನಮ್ಮ ಮನೆಯಲ್ಲಿ ಹೆತ್ತ ಹಾಗೆಯೇ ಎಂದು ನಾನು ಕೊನೆಯ ಗುಟುಕು ನುಂಗಿದೆ.

ಲೋಟ ಕೆಳಗಿಟ್ಟಾಗ ಕಾಶೆವ್ವ ಅಂದಳು: “ಹುಡಿಗೀನ ಕರ್ಕೊಂಡ ಹೋಗ್ರಿ. ನಾನೂ ಬರ್ತೇನಿ. ಬೆನ್ನ ಹಿಂದ ಇಷ್ಟ ಚಂದ ಮಾತಾಡ್ತೀರಿ ಅಂದ್ರ, ಎದರಿಗಿ ಕುಂತ ಕೇಳಬೇಕಲ್ಲ.”

ಹೀಗಾಗಿ ಮಾನ್ಯರೇ, ನಾವು ಒಬ್ಬಳನ್ನು ತರಲು ಹೋಗಿ ಇಬ್ಬರನ್ನು ತಂದೆವು. ಬ್ಯಾಟರಿಯ ಮೇಲಿನ ಸೀಟು ಕಾಶೆವ್ವನಿಗೆ ಹೋಯಿತು. ಗೋಕಾಕ ಪೇಟೆಯಲ್ಲಿ ತಾವು ಎಂಜಿನ್ ಬಂದ್ ಮಾಡಿದಾಗಲೆಲ್ಲ ಗಾಡಿಯೊಳಗೆ ಐದೂ ಜನ ಶಿವಪೂಜೆಗೆ ಕೂತವರಂತೆ ಕೂತಿದ್ದೆವು. ರಾಧಿಕಾ ಮಾತ್ರ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ತಾವು ಎಂಜಿನ್ನನ್ನು ಎಷ್ಟು ಸಲ ಮಲಗಿಸಿ ಎಬ್ಬಿಸಿದರೂ ಬಸುರಿಗೆ ಎಚ್ಚರವಾಗಲಿಲ್ಲ. ಆ ಒಂದು ಉಪಕಾರಕ್ಕಾಗಿ ಈ ಪತ್ರದಿಂದ ಕೆಲವು ಬೈಗುಳಗಳನ್ನು ತೆಗೆದಿದ್ದೇನೆ.

ಸೂರಜನನ್ನು ಕೇಳಿದರೆ ತಮ್ಮ ಪರವೇ ವಕಾಲತ್ತು ಮಾಡುತ್ತಾನೆ. “ಬ್ಯಾಟರಿ ತುಂಬಿತ್ತ, ಎಂಜಿನ್ ಬಿಸಿ ಇತ್ತ, ಎ.ಸಿ. ನೀನ ಬಂದ್ ಮಾಡ್ಸಿದ್ದಿ. ಅದು ಬಂದ್ ಆಗಾಕ ಇನ್ನೇನ ಬೇಕ, ಆಯಿ?” ಇಷ್ಟೆಲ್ಲ ಪರೀಕ್ಷೆ ಮಾಡಿ ನೋಡುವ ತಮಗೆ, ಕಿಟಕಿಯ ಹೊರಗೆ ಯಾರು ನಿಂತಿದ್ದಾರೆಂದು ಒಮ್ಮೆ ಇಣುಕಲು ಏನು ಧಾಡಿಯಾಗಿತ್ತು?

ಆದ್ದರಿಂದ ಒಂದು ವಿನಂತಿ. ನಮ್ಮ ಮಾವನವರು ಮನೆಯೊಳಗೆ ಬರುವ ಮುಂಚೆ ಹೊಸ್ತಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಸೊಸೆಯಂದಿರು ಸೆರಗು ಸರಿಮಾಡಿ ಮಾತು ಬದಲಿಸಲು ಅಷ್ಟು ಸಮಯ ಸಾಕಾಗುತ್ತಿತ್ತು. ತಾವೂ ಎಂಜಿನ್ ನಿಲ್ಲಿಸುವ ಮುಂಚೆ ಹಾಗೊಮ್ಮೆ ಕೆಮ್ಮುವ ಕೃಪೆ ಮಾಡಬೇಕು. ಅದಾಗದಿದ್ದರೆ, ತಮ್ಮ ಬಳಗದವರೊಬ್ಬರನ್ನು ಕಳಿಸಿ ಕಾಶೆವ್ವನ ನಾಲಿಗೆಗೆ ಬೆಲ್ಟು ಹಾಕಿಸಬೇಕು. ಈಗ ನಮ್ಮ ಪಡಸಾಲೆಯಲ್ಲಿ ಅದು ಓಡುತ್ತಿರುವ ಓಟವನ್ನು ಹಿಡಿದು ಕರೆಂಟು ಮಾಡಿದರೆ ಕುಲಗೋಡದ ಪಂಪ್‌ಸೆಟ್ಟುಗಳೆಲ್ಲ ಹಗಲೆಲ್ಲ ನಡೆದಾವು. ಅವಳು ತಾನೇ ನಿಲ್ಲಿಸಿದಾಗ ಮತ್ತೆ ಚಾಲೂ ಮಾಡುವ ಕೆಲಸ ಮಾತ್ರ ತಾವು ಮಾಡಬಾರದು.

ತಮ್ಮ ಬ್ಯಾಟರಿಯ ಮೇಲಿನ ಸೀಟು ಕಳೆದುಕೊಂಡರೂ ಗೌರವ ಕಳೆದುಕೊಳ್ಳದ,

ತಮ್ಮ ವಿಶ್ವಾಸಿ,
ಅಲ್ಲವ್ವ, ಕುಲಗೋಡ

ತಾ.ಕ.: ಪತ್ರ ಮಡಿಚುವಷ್ಟರಲ್ಲಿ ಕಾಶೆವ್ವ ಮತ್ತು ರಾಧಿಕಾ ಗೋಕಾಕದ ಡಾಕ್ಟರರನ್ನು ಕಂಡು ಬಂದರು. ಗಾಡಿ ನಿಂತಿತು. ಕಾಶೆವ್ವ ನಮ್ಮ ಮನೆಯತ್ತ ಕೈ ಮಾಡಿ ಏನೋ ಹೇಳುತ್ತಿದ್ದಳು, ರಾಧಿಕಾ ಹೊಟ್ಟೆ ಹಿಡಿದು ನಗುತ್ತಿದ್ದಳು, ನಾನು ಬಾಗಿಲಲ್ಲಿ ಕಿವಿ ನೆಟ್ಟು ನಿಂತಿದ್ದೆ, ತಾವು ಎಂಜಿನ್ನನ್ನು ಗಪ್ ಮಾಡಲಿಲ್ಲ. ಸೂರಜನನ್ನು ವಿಚಾರಿಸಿದರೆ, ತಾವು ಎಂಜಿನ್ ನಿಲ್ಲಿಸದಂತೆ ತಡೆಯಲು ಮುಂದೆಯೇ ಒಂದು ಗುಂಡಿ ಇದೆಯಂತೆ, ಕೀಲಿ ತಿರುಗಿಸಿದಾಗಲೆಲ್ಲ ಅದನ್ನು ಹೊಸದಾಗಿ ಒತ್ತಬೇಕಂತೆ, ಕಾಶೆವ್ವ ಒಮ್ಮೆಯೂ ಮರೆಯುವುದಿಲ್ಲವಂತೆ. ನನಗ್ಯಾಕೆ ಹೇಳಲಿಲ್ಲ ಎಂದರೆ, “ಕಾಶೆವ್ವತ್ತಿ ಕೇಳಿದ್ರ, ತೋರಿಸಿದ್ನಿ. ನೀ ಬರೇ ಬೈದಿ ಆಯಿ, ಕೇಳಲಿಲ್ಲಲ್ಲ,” ಎಂದ. ಆದಕಾರಣ ಮೇಲಿನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ಉಳಿದದ್ದು ಒಂದೇ: ಆ ಗುಂಡಿ ಹುಕ್ಕೇರಿಯ ಬೆರಳಿಗೆ ಬಗ್ಗದ ಹಾಗೆ ನೋಡಿಕೊಳ್ಳಬೇಕು.