ಬ್ರಾಕೆಟ್ಟಿನೊಳಗಿನ ಹೆಂಡತಿ

ಸುತ್ತೋಲೆ ಸಾಹೇಬರ ಮನೆಯಲ್ಲಿ ಮನುಷ್ಯರಿಗೆ ಜಾಗವಿಲ್ಲದೆ ಹೋಗಿ ಬಹಳ ದಿನವಾಗಿತ್ತು. ಸೋಫಾದ ಮೇಲೆ ದಿಂಬು, ಊಟದ ಮೇಜಿನ ಮೇಲೆ ದಿಂಬು, ಬೀರು ತೆಗೆದರೆ ಎದೆಗೆ ಬಂದು ಬೀಳುವ ದಿಂಬು. ಕಚೇರಿಯಿಂದ ದಣಿದು ಬಂದು ಕೈಕಾಲು ತೊಳೆಯೋಣವೆಂದು ಬಚ್ಚಲಿಗೆ ಹೋದರೆ ಅಲ್ಲೂ ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಂದು ಗಂಟು ದಿಂಬು. ಸಾಹೇಬರ ತಾಯಿಯೊಬ್ಬರೇ ಈ ಸ್ಥಿತಿಗೆ ಸಂತೋಷಪಟ್ಟವರು. ಅವರು ಬೆನ್ನಿಗೆ ಎರಡು, ಮಂಡಿಗೆ ಎರಡು, ಮಗ್ಗುಲಿಗೊಂದು ದಿಂಬು ಒರಗಿಸಿಕೊಂಡು ಇಡೀ ದಿನ ಪಟ್ಟಾಭಿಷೇಕಕ್ಕೆ ಕೂತವರ ಹಾಗೆ ಕೂತಿರುತ್ತಿದ್ದರು.

ಸಾಹೇಬರು ನಿಜವಾದ ಸಾಹೇಬರೇನಲ್ಲ. ದೊಡ್ಡ ಕಚೇರಿಯೊಂದರಲ್ಲಿ ಸುತ್ತೋಲೆ ಬರೆಯುವ ಗುಮಾಸ್ತರು. ‘ಸಿಬ್ಬಂದಿ ವರ್ಗದವರು ಕುರ್ಚಿಗಳ ಮೇಲೆ ಒದ್ದೆ ಛತ್ರಿಗಳನ್ನು ಇಡತಕ್ಕದ್ದಲ್ಲ’ ಎಂಬಂಥ ವಾಕ್ಯಗಳನ್ನು ಹೆತ್ತು ಎಲ್ಲ ಶಾಖೆಗಳಿಗೂ ರವಾನಿಸುವುದು ಅವರ ಕೆಲಸ. ತಾವು ಬರೆದದ್ದರಲ್ಲಿ ಇಂದಿನವರೆಗೆ ಯಾರೂ ಒಂದು ಅಲ್ಪವಿರಾಮವನ್ನೂ ಮುಟ್ಟಿಲ್ಲ ಎಂಬುದು ಅವರ ಜೀವನದ ಹೆಮ್ಮೆ. (ಯಾರೂ ಓದುತ್ತಲೂ ಇರಲಿಲ್ಲ ಎಂಬುದು ಬೇರೆ ವಿಚಾರ.)

ದಿಂಬುಗಳು ಅವರ ಹೆಂಡತಿಯವು. ಆಕೆ ಪರದೆ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಹೊಲಿಗೆ ಮಾಡಿ, ಒಂದು ದಿನ ಕೆಲಸ ಬಿಟ್ಟು ಬಂದು, ಸ್ವಂತದ ದಿಂಬಿನ ಅಂಗಡಿಯನ್ನು ಆನ್‌ಲೈನಿನಲ್ಲಿ ತೆರೆದಿದ್ದಳು. ಪರದೆ ಅಂಗಡಿಯ ಯಜಮಾನಿ ಅವತ್ತು ನಕ್ಕು, “ಹೋಗ್ಬಾಮ್ಮ. ನಿನ್ನ ಮಷೀನು ಹಾಗೇ ಇಟ್ಟಿರ್ತೀನಿ, ತಿರುಗಿ ಬರ್ತೀಯಲ್ಲ” ಎಂದಿದ್ದಳು. ಆ ನಗು ಹೆಂಡತಿಯ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. ಮೊದಲ ವಾರ ನೆಂಟರಿಷ್ಟರು ದಾಕ್ಷಿಣ್ಯಕ್ಕೆ ಕೊಂಡರು. ಆಮೇಲೆ ದಾಕ್ಷಿಣ್ಯ ಮುಗಿಯಿತು, ದಿಂಬು ಮುಗಿಯಲಿಲ್ಲ.

“ಈ ತಿಂಗಳ ಕೊನೆ ತನಕ ನೋಡ್ತೀನಿ,” ಎಂದಳು ಆಕೆ ಒಂದು ಸಂಜೆ, ಸೂಜಿಗೆ ದಾರ ಪೋಣಿಸುತ್ತ. “ಈ ರಾಶಿ ಕರಗದಿದ್ರೆ ಅಂಗಡಿ ಮುಚ್ಚಿ, ತಲೆ ತಗ್ಗಿಸ್ಕೊಂಡು ಆ ಪರದೆಯಮ್ಮನ ಹತ್ರಾನೇ ಹೋಗ್ತೀನಿ.”

ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಸಾಹೇಬರಿಗೆ ಹೆದರಿಕೆಯಾದದ್ದು. ಹೆಂಡತಿ ರೇಗಿದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು, ಸುಮ್ಮನಿರಬೇಕು. ಆಕೆಯೇ ಸುಮ್ಮನಾದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಪಾಪ, ಆ ಸಂಜೆ ಅವರಿಗೆ ಕಾಫಿ ಕೂಡ ಸೇರಲಿಲ್ಲ.

ಉಪಾಯ ಹೇಳಿದವನು ಬಾಮೈದ. ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅಕ್ಕನ ವೆಬ್‌ಸೈಟನ್ನು ಕಟ್ಟಿಕೊಟ್ಟವನೂ ಅವನೇ. ಭಾನುವಾರ ಬಂದು, ದಿಂಬು ಸರಿಸಿ, ಸಿಕ್ಕ ಅಂಗೈಯಗಲ ಜಾಗದಲ್ಲಿ ಕೂತ.

“ಭಾವ, ಅಂಗಡಿ ತೆರೆದ್ರೆ ಆಗ್ಲಿಲ್ಲ, ತೆರೆದಿದೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಬೇಕು. ಒಂದು ಬ್ಲಾಗ್ ಶುರು ಮಾಡಿ. ನಿದ್ದೆ, ಕತ್ತುನೋವು ಅಂತ ಏನಾದ್ರೂ ಬರೀರಿ. ಓದಿದೋರು ಕೆಳಗಿರೋ ಲಿಂಕ್ ಒತ್ತಿ ಸೀದಾ ಅಂಗಡಿಗೆ ಬರ್ತಾರೆ.”

“ದಿಂಬನ್ನೇ ಕೊಳ್ಳದೋರು ಬ್ಲಾಗ್ ಓದ್ತಾರೇನೋ?” ಎಂದಳು ಅಕ್ಕ.

“ಅದಕ್ಕೇ ಸಿಂಡಿಕೇಶನ್ ಅಂತ ಇರೋದು. ಒಂದೇ ಲೇಖನಾನ ಬೇರೆ ಬೇರೆ ವೆಬ್‌ಸೈಟ್‌ನೋರಿಗೆ ಪುಕ್ಕಟೆ ಕೊಡೋದು. ಅವರಿಗೂ ದಿನಾ ಹಾಕೋಕೆ ಏನಾದ್ರೂ ಬೇಕಲ್ಲ, ಹಾಕ್ಕೋತಾರೆ. ಕೊನೇಲಿ ನಮ್ಮ ಹೆಸರು, ನಮ್ಮ ಅಂಗಡಿ ಲಿಂಕ್ ಇರುತ್ತೆ. ಬರೆಯೋದು ಒಂದು ಸಲ, ಹೋಗೋದು ಹತ್ತಾರು ಕಡೆ.”

ಸಾಹೇಬರು ಕಾಫಿ ಲೋಟ ಕೆಳಗಿಟ್ಟರು. ಮುಖ ಊರಗಲವಾಯಿತು. “ಅಯ್ಯೋ, ಇದಕ್ಕೆ ಇಂಗ್ಲಿಷ್ ಹೆಸರು ಯಾಕಯ್ಯಾ? ಇದು ಸುತ್ತೋಲೆ. ಹುಟ್ಟಿದಾಗಿನಿಂದ ನಾನು ಮಾಡ್ತಿರೋದೇ ಇದು.”

“ಹಾಗಾದ್ರೆ ಕೆಟ್ವಿ,” ಎಂದಳು ಹೆಂಡತಿ.

ಲೇಖನಕ್ಕಿಂತ ಮೊದಲು ಸಾಹೇಬರು ಷರತ್ತುಗಳನ್ನು ಬರೆದರು. ಅದು ಕಚೇರಿಯ ಪದ್ಧತಿ. ‘ಸದರಿ ಲೇಖನವನ್ನು ಯಥಾವತ್ತಾಗಿ ಪ್ರಕಟಿಸತಕ್ಕದ್ದು. ಒಂದಕ್ಷರವನ್ನಾಗಲಿ, ಒಂದು ಚಿಹ್ನೆಯನ್ನಾಗಲಿ ತೆಗೆಯತಕ್ಕದ್ದಲ್ಲ. ಒಮ್ಮೆ ಪ್ರಕಟಿಸಿದ ಮೇಲೆ, ಯಾರು ಕೇಳಿಕೊಂಡರೂ, ಯಾವ ಕಾರಣಕ್ಕೂ, ಒಂದು ವರ್ಷದವರೆಗೆ ಹಿಂತೆಗೆಯತಕ್ಕದ್ದಲ್ಲ.’ ಬಾಮೈದ ತಲೆ ಕೆರೆದುಕೊಂಡು, “ಯಾರು ಕೇಳಿಕೊಂಡರೂ ಅಂತ ಬೇಕಾ ಭಾವ?” ಎಂದ. “ನಿನಗೆ ಗೊತ್ತಾಗಲ್ಲ. ಹೊಟ್ಟೆಕಿಚ್ಚಿನೋರು ಇರ್ತಾರೆ” ಎಂದರು ಸಾಹೇಬರು.

ಮೊದಲು ‘ನಿದ್ರೆ: ಒಂದು ತಾತ್ವಿಕ ಪರಿಶೀಲನೆ’ ಎಂಬ ಪ್ರಬಂಧವನ್ನು ಪ್ರಯೋಗಕ್ಕೆಂದು ಬ್ಲಾಗಿನಲ್ಲಷ್ಟೇ ಹಾಕಿದರು. ಅದನ್ನು ಓದಲು ಕೂತ ತಾಯಿ ಎರಡನೆಯ ಪ್ಯಾರಾಕ್ಕೇ ಗಾಢ ನಿದ್ರೆಗೆ ಜಾರಿದರು. ವಿಷಯಕ್ಕೆ ಇದಕ್ಕಿಂತ ದೊಡ್ಡ ನ್ಯಾಯ ಇನ್ನೊಂದಿಲ್ಲ ಎಂದು ಸಾಹೇಬರು ವಾದಿಸಿದರಾದರೂ ದಿಂಬು ಮಾತ್ರ ಹೋಗಲಿಲ್ಲ.

“ಮನೆ ವಿಷಯ ಬರೀರಿ ಭಾವ. ಜನ ಅದನ್ನ ಓದ್ತಾರೆ” ಎಂದ ಬಾಮೈದ.

ಸಾಹೇಬರು ಎರಡು ಸಂಜೆ ಬಾಗಿಲು ಹಾಕಿಕೊಂಡು ‘ಆದರ್ಶ ಗೃಹಸ್ಥನ ಆದರ್ಶ ನಿದ್ರೆ’ ಬರೆದು ಮುಗಿಸಿದರು. ಆದರ್ಶ ಗೃಹಸ್ಥ ಯಾರೆಂದು ಬೇರೆ ಹೇಳಬೇಕಾಗಿಲ್ಲ.

“ನನ್ನ ಅಂಗಡಿ ಹೆಸರಲ್ಲಿ ಹೋಗೋದು. ನಾನು ನೋಡದೆ ಹೋಗಕೂಡದು” ಎಂದಳು ಹೆಂಡತಿ. ಸಾಹೇಬರು ಕಂಪ್ಯೂಟರನ್ನು ಹೊಲಿಗೆ ಮಷೀನಿನ ಪಕ್ಕ ಇಟ್ಟು ಹೊರಗೆ ಹೋಗಿ ಅಡ್ಡಾಡಿದರು. ಒಳಗಿನಿಂದ ಟಕಟಕ ಸದ್ದು ಕೇಳಿ ಬಂತು. ಹೆಂಡತಿ ಹೊಲಿಯುತ್ತಿದ್ದಾಳೆ ಎಂದುಕೊಂಡರು. ತಿರುಗಿ ಬಂದಾಗ ಆಕೆ, “ನೋಡಿದೆ. ಅನ್ನಿಸಿದ್ದನ್ನ ಅಲ್ಲಲ್ಲೇ ಬರೆದಿದ್ದೀನಿ, ನೀವೂ ಒಂದು ಸಲ ನೋಡ್ಬಿಡಿ” ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಸಾಹೇಬರ ಕಚೇರಿಯಲ್ಲಿ ಕರಡು ಮೇಲಧಿಕಾರಿಗಳ ಮೇಜಿಗೆ ಹೋಗಿ, ‘ನೋಡಿದೆ’ ಎಂಬ ಸಹಿಯೊಂದಿಗೆ ತಿರುಗಿ ಬಂದರೆ ಅದು ಸೀದಾ ರವಾನೆಗೆ ಹೋಗುತ್ತದೆ. ಅದನ್ನು ಮತ್ತೆ ಓದುವುದು ಅಧಿಕಪ್ರಸಂಗ. ಮೇಲಧಿಕಾರಿಯನ್ನೇ ಅನುಮಾನಿಸಿದಂತೆ. ಮನೆಯಲ್ಲಿ ಮೇಲಧಿಕಾರಿ ಯಾರೆಂಬುದರ ಬಗ್ಗೆ ಸಾಹೇಬರಿಗೆ ಎಂದೂ ಗೊಂದಲವಿರಲಿಲ್ಲ. ‘ನೋಡಿದೆ’ ಎಂಬಲ್ಲಿಗೆ ಅವರ ಕಿವಿ ತನ್ನ ಕೆಲಸ ಮುಗಿಸಿತು. ಬಾಮೈದ ಕೊಟ್ಟಿದ್ದ ಅಷ್ಟೂ ವಿಳಾಸಗಳಿಗೆ, ಷರತ್ತುಗಳ ಸಮೇತ, ಒಂದೇ ಬೆರಳಿನಲ್ಲಿ ರವಾನೆ ಮಾಡಿ ಕೈ ಕೊಡವಿಕೊಂಡರು.

ಮುಂದಿನ ಭಾನುವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಬಾಮೈದ ಬಂದ. ಬಾಗಿಲಲ್ಲೇ ಹೊಟ್ಟೆ ಹಿಡಿದುಕೊಂಡು ಒಂದು ದಿಂಬಿನ ಮೇಲೆ ಕುಸಿದ.

“ಏನೋ ಆಯ್ತು?” ಎಂದಳು ಅಕ್ಕ ಗಾಬರಿಯಾಗಿ.

“ಭಾವ,” ಎಂದ ಅವನು ಉಸಿರು ಎಳೆದುಕೊಂಡು, “ನಿಮ್ಮ ಲೇಖನ ಎಲ್ಲರೂ ಹಾಕಿದ್ದಾರೆ. ಎಲ್ಲಾರೂ. ಜನ ಮುಗಿಬಿದ್ದು ಓದ್ತಿದ್ದಾರೆ.”

ಸಾಹೇಬರು ಕುರ್ಚಿಯಲ್ಲಿ ಎರಡು ಅಂಗುಲ ಬೆಳೆದರು. “ಜೋರಾಗಿ ಓದಯ್ಯಾ. ಅಮ್ಮನೂ ಕೇಳಲಿ.”

ಬಾಮೈದ ಫೋನು ತೆಗೆದು, ಗಂಟಲು ಸರಿಮಾಡಿಕೊಂಡು, ಓದಿದ:

‘ನಾನು ಪ್ರತಿದಿನ ಅರುಣೋದಯಕ್ಕೆ ಮುನ್ನವೇ ಶಯ್ಯೆಯನ್ನು ತ್ಯಜಿಸುತ್ತೇನೆ. (ಸುಳ್ಳು. ಎಂಟು ಗಂಟೆಗೆ ಮುಖಕ್ಕೆ ನೀರು ಚಿಮುಕಿಸಿದರೂ ಏಳಲ್ಲ.) ಎದ್ದೊಡನೆ ನನ್ನ ಹಾಸಿಗೆಯನ್ನು ನಾನೇ ಮಡಿಸಿಡುತ್ತೇನೆ. (ಯಾವ ಮನೆಯಲ್ಲಿ?) ಆದರ್ಶ ಗೃಹಸ್ಥನ ನಿದ್ರೆಯು ನಿಶ್ಶಬ್ದವೂ ಗಂಭೀರವೂ ಆಗಿರತಕ್ಕದ್ದು. (ರೀ, ಇದನ್ನು ಮಾತ್ರ ತೆಗೆದುಬಿಡಿ. ನಿಮ್ಮ ಗೊರಕೆ ಎದುರುಮನೆಯವರಿಗೂ ಗೊತ್ತು, ನಗ್ತಾರೆ. ನಾನು ನನಗೋಸ್ಕರ, ಸದ್ದು ಕೇಳದ ಹಾಗೆ ಮುಚ್ಚಿಕೊಳ್ಳೋಕೆ ಎರಡು ಕಿವಿ ಇರೋ ದಿಂಬು ಹೊಲಿದುಕೊಂಡಿದ್ದೀನಲ್ಲ, ಅದನ್ನು ಕಟ್ಟಿಕೊಂಡು ಮಲಗದಿದ್ದರೆ ಎಂದೋ ತವರಿಗೆ ಹೋಗಿರುತ್ತಿದ್ದೆ.)’

ತಾಯಿಯ ಐದು ದಿಂಬುಗಳೂ ಅಲುಗಾಡತೊಡಗಿದವು. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

“ಅಮ್ಮಾ, ನಿನ್ನ ಮಗನ ಮಾನ ಬೀದಿಪಾಲಾಗಿದೆ” ಎಂದರು ಸಾಹೇಬರು.

“ಹೊಸದೇನು ಬರೆದಿದ್ದಾಳೋ? ನಿಮ್ಮಪ್ಪಂದೂ ಇದೇ ಗೊರಕೆ. ನನಗೆ ಕಿವಿ ದಿಂಬು ಹೊಲಿಯೋ ಬುದ್ಧಿ ಬರ್ಲಿಲ್ಲ, ಅಷ್ಟೇ.”

ಹೆಂಡತಿಯ ಮುಖ ಕೆಂಪೇರಿತ್ತು. “ನಾನು ನಿಮಗೆ ಅಂತ ಬರೆದಿದ್ದು ರೀ. ಊರಿಗಲ್ಲ. ನೋಡ್ಬಿಡಿ ಅಂತ ಹೇಳ್ಲಿಲ್ವಾ?”

“ನೋಡಿದೆ ಅಂದ್ಮೇಲೆ ಮತ್ತೆ ನೋಡೋದಾ? ಎಲ್ಲಾದ್ರೂ ಉಂಟಾ?”

ಸಾಹೇಬರು ತಿಂಡಿ ಬಿಟ್ಟೆದ್ದು ಪ್ರತಿಯೊಬ್ಬರಿಗೂ ಬರೆದರು: ಲೇಖನವನ್ನು ಕೂಡಲೇ ತೆಗೆಯತಕ್ಕದ್ದು. ಮಧ್ಯಾಹ್ನದೊಳಗೆ ಉತ್ತರಗಳು ಬಂದವು. ಎಲ್ಲವೂ ಅತ್ಯಂತ ವಿನಯದ ಉತ್ತರಗಳು. ‘ಮಾನ್ಯರೇ, ತಮ್ಮದೇ ಷರತ್ತಿನ ಪ್ರಕಾರ, ಯಾರು ಕೇಳಿಕೊಂಡರೂ, ಯಾವ ಕಾರಣಕ್ಕೂ, ಒಂದು ವರ್ಷದವರೆಗೆ ಹಿಂತೆಗೆಯುವಂತಿಲ್ಲ.’ ಜೀವನದಲ್ಲಿ ಮೊದಲ ಬಾರಿಗೆ ಅವರ ಸುತ್ತೋಲೆಯನ್ನು ಜನ ಕೊನೆಯವರೆಗೂ ಓದಿದ್ದರು.

ಸೋಮವಾರ ಕಚೇರಿಗೆ ಹೋಗಲು ಅವರ ಕಾಲು ಏಳಲಿಲ್ಲ. ಹೋದರು. ದಾರಿಯುದ್ದಕ್ಕೂ ತಲೆ ತಗ್ಗಿಸಿಯೇ ಹೋದರು. ಮೇಲಧಿಕಾರಿ ಒಳಗೆ ಕರೆಸಿ, ಬಾಗಿಲು ಮುಚ್ಚಿಸಿ, ಕನ್ನಡಕ ಒರೆಸಿಕೊಂಡು, ತಗ್ಗಿದ ದನಿಯಲ್ಲಿ, “ಅಲ್ರೀ, ಆ ಕಿವಿ ಇರೋ ದಿಂಬು ನಮ್ಮ ಮನೆಯವಳಿಗೂ ಬೇಕಂತೆ. ಎಲ್ಲಿ ಸಿಗುತ್ತೆ?” ಎಂದರು.

ಅದೇ ಪ್ರಶ್ನೆಯನ್ನು ಅಷ್ಟು ಹೊತ್ತಿಗೆ ಇಡೀ ಲೋಕ ಕೇಳುತ್ತಿತ್ತು. ಕಿವಿ ದಿಂಬು ಮಾರಾಟದ ಸರಕೇ ಅಲ್ಲ. ಅದು ಇದ್ದದ್ದು ಒಂದೇ ಒಂದು, ಹೆಂಡತಿಯ ತಲೆಯಡಿಯಲ್ಲಿ. ಆದರೆ ಆಕೆ ಒಂದು ಗಳಿಗೆ ಮನೆಯ ತುಂಬ ಬಿದ್ದಿದ್ದ ರಾಶಿಯನ್ನು ನೋಡಿ, “ಅತ್ತೆ, ಕತ್ತರಿ ಕೊಡಿ” ಎಂದಳು. ಪರದೆ ಬಟ್ಟೆಯ ತುಂಡಿನಲ್ಲಿ ಹತ್ತಿ ತುಂಬಿ ಕಿವಿಗಳನ್ನು ಮಾಡಿದಳು. ಸೋಫಾದ ಮೇಲಿನ ದಿಂಬುಗಳಿಗೆ ಕಿವಿ ಬಂದವು. ಮೇಜಿನ ಮೇಲಿನವಕ್ಕೆ ಬಂದವು. ಅತ್ತೆ ಸಿಂಹಾಸನದಿಂದ ಇಳಿದು ಗುಂಡಿ ಹೊಲಿದರು, ಬಾಮೈದ ಅಂಗಡಿ ಮುಚ್ಚಿ ಬಂದು ಪೊಟ್ಟಣ ಕಟ್ಟಿದ. ಸಾಹೇಬರಿಗೆ ವಿಳಾಸ ಬರೆಯುವ ಕೆಲಸ ಸಿಕ್ಕಿತು. ಒಂದು ವಿಳಾಸ ಬರೆಯುವಾಗ ಅವರ ಪೆನ್ನು ನಿಂತಿತು.

“ಲೇ, ಇಲ್ಲಿ ನೋಡು. ನಿನ್ನ ಪರದೆಯಮ್ಮ. ಎರಡು ಕಳಿಸಬೇಕಂತೆ.”

ಹೆಂಡತಿ ಆ ಚೀಟಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು. ತಿಂಗಳುಗಟ್ಟಲೆ ಆ ಮನೆಯಲ್ಲಿ ಕೇಳಿರದ ನಗು ಅದು. ಸಾಹೇಬರಿಗೆ ತಮ್ಮ ಮಾನ ಹೋದದ್ದು ಒಂದು ನಿಮಿಷ ಮರೆತೇಹೋಯಿತು. ತಿಂಗಳ ಕೊನೆಗೆ ಬಚ್ಚಲ ಬಕೆಟ್ಟು ಕೂಡ ಬಿಡುವಾಗಿ, ಸಾಹೇಬರು ತಮ್ಮ ಸೋಫಾದ ಮೇಲೆ ಕಾಲು ಚಾಚಿ ಕೂತರು.

ಆಗ ವೆಬ್‌ಸೈಟಿನವರಿಂದ ಪತ್ರಗಳು ಬರತೊಡಗಿದವು. ಇನ್ನೊಂದು ಲೇಖನ ಬೇಕು, ಬೇಗ ಬೇಕು, ಬ್ರಾಕೆಟ್ಟಿನ ಅಮ್ಮನವರು ಖಂಡಿತ ಇರಬೇಕು. ಒಬ್ಬರಂತೂ ‘ಬ್ರಾಕೆಟ್ಟಿನ ಹೊರಗಿನ ಭಾಗವನ್ನು ಸ್ವಲ್ಪ ಕಡಿಮೆ ಮಾಡಬಹುದೇ?’ ಎಂದು ವಿಚಾರಿಸಿದ್ದರು.

ಸಾಹೇಬರ ಸ್ವಾಭಿಮಾನ ಕೆರಳಿತು. ನಾನು ಸುಳ್ಳು ಬರೆದರೆ ತಾನೇ ಇವಳ ಆಟ? ಈ ಸಲ ನಿಜವನ್ನೇ ಬರೆಯುತ್ತೇನೆ, ಅದೆಲ್ಲಿ ಬ್ರಾಕೆಟ್ಟು ಹಾಕುತ್ತಾಳೋ ನೋಡೇಬಿಡೋಣ, ಎಂದು ಕೂತರು. ಹಟಕ್ಕೆ ಶುರುವಾದದ್ದು ಬರೆಯುತ್ತ ಬರೆಯುತ್ತ ಬೇರೆಯೇ ಆಯಿತು. ತತ್ಸಮಗಳು ತಾವಾಗಿಯೇ ಉದುರಿಹೋದವು. ತಾವು ಗೊರಕೆ ಹೊಡೆಯುತ್ತೇವೆಂದು ಬರೆದರು. ಎಂಟಕ್ಕೂ ಏಳುವುದಿಲ್ಲವೆಂದು ಬರೆದರು. ಯಾರೂ ಕೊಳ್ಳದಿದ್ದಾಗಲೂ ಹೆಂಡತಿ ಒಂದು ಹೊಲಿಗೆಯನ್ನೂ ಸಡಿಲ ಹಾಕಲಿಲ್ಲವೆಂದು ಬರೆದರು. ಆಕೆ ಸುಮ್ಮನಾದ ಆ ಸಂಜೆ ತಮಗೆ ಎಷ್ಟು ಭಯವಾಗಿತ್ತೆಂದೂ, ಆಕೆಯ ನಗು ಕೇಳಿದಾಗ ಎಷ್ಟು ಹಿತವಾಯಿತೆಂದೂ ಬರೆದರು.

ಕಂಪ್ಯೂಟರನ್ನು ಮಷೀನಿನ ಪಕ್ಕ ಇಟ್ಟು, ಈ ಸಲ ಹೊರಗೆ ಹೋಗದೆ ಬಾಗಿಲ ಮರೆಯಲ್ಲೇ ನಿಂತರು. ಹೆಂಡತಿ ಓದಿದಳು. ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೊಮ್ಮೆ ಮೊದಲಿನಿಂದ ಓದಿದಳು. ಆಮೇಲೆ ಕೊನೆಯಲ್ಲಿ ಏನೋ ಟಕಟಕ ಬರೆದು, “ನೋಡಿದೆ” ಎಂದು ಕೂಗಿ, ಮಷೀನಿಗೆ ತಿರುಗಿದಳು.

ಈ ಬಾರಿ ಸಾಹೇಬರು ಕಚೇರಿಯ ಪದ್ಧತಿಯನ್ನು ಮುರಿದು, ರವಾನೆಗೆ ಮುಂಚೆ ಓದಿದರು. ಇಡೀ ಲೇಖನದಲ್ಲಿ ಇದ್ದದ್ದು ಒಂದೇ ಬ್ರಾಕೆಟ್ಟು:

‘(ಇದೆಲ್ಲ ನಿಜ. ಇದು ನನಗೆ ಇರಲಿ, ಯಾರಿಗೂ ಕಳಿಸಬೇಡಿ. ಇದರಿಂದ ಒಂದು ದಿಂಬೂ ಹೋಗಲ್ಲ. ಹೋಗಿ ಮಾಮೂಲಿನ ಹಾಗೆ ಏನಾದರೂ ಬರೆದುಕೊಂಡು ಬನ್ನಿ, ಹೊಸ ಸರಕು ಹೊಲಿದಾಗಿದೆ.)’

ಸಾಹೇಬರು ಅದನ್ನು ಓದಿ, ಮೇಲಧಿಕಾರಿಯ ಆಜ್ಞೆಯನ್ನು ಶಿರಸಾವಹಿಸಿ ಹೊಸ ಪುಟ ತೆರೆದರು. ಬೆನ್ನು ನೆಟ್ಟಗೆ ಮಾಡಿಕೊಂಡು, ‘ನಮ್ಮ ಮನೆಯಲ್ಲಿ ಯಜಮಾನ ನಾನೇ’ ಎಂದು ಬರೆದರು. ಬರೆದು, ಪಕ್ಕದಲ್ಲಿ ಹೆಂಡತಿಗೆಂದು ಧಾರಾಳವಾಗಿ ಜಾಗ ಬಿಟ್ಟರು.