ಅಣ್ಣನ ರಕ್ತ, ತಮ್ಮನ ಪಥ್ಯ

ತೊಂಬತ್ತರ ದಶಕದ ಕೊನೆಯಲ್ಲಿ ನಂಜನಗೂಡು, ಟಿ. ನರಸೀಪುರದ ಹಳ್ಳಿಗಳಲ್ಲಿ ಅವಳಿಗಳನ್ನು ಹುಡುಕಿ ರಕ್ತ ತೆಗೆಯುವುದು ನನ್ನ ಕೆಲಸವಾಗಿತ್ತು; ನಗದೆ ಮನೆಗೆ ಬಂದ ದಿನ ನೆನಪಿಲ್ಲ. ನಮ್ಮ ಡಾಕ್ಟರಮ್ಮ ಹೇಳುತ್ತಿದ್ದರು: "ತದ್ರೂಪಿ ಅವಳಿಗಳಿಗೆ ಹುಟ್ಟಿನಿಂದ ಬಂದದ್ದೆಲ್ಲ ಒಂದೇ. ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರಿಗೆ ಬಾರದಿದ್ದರೆ ಊಟದಲ್ಲೋ ದುಡಿಮೆಯಲ್ಲೋ ವ್ಯತ್ಯಾಸವಿದೆ. ಅದು ಸಿಕ್ಕರೆ ಊರಿಗೆಲ್ಲ ಉಪಕಾರ." ಹಾಗಾಗಿ ನಮಗೆ ಜೋಡಿಯೇ ಬೇಕು. ಒಬ್ಬರು ತಪ್ಪಿಸಿಕೊಂಡರೆ ಇನ್ನೊಬ್ಬರ ರಕ್ತವೂ ದಂಡ.

ಜೋಡಿ ಹಣ್ಣು

ನಂಜನಗೂಡಿನ ಹತ್ತಿರ ಒಂದು ಮನೆಯಲ್ಲಿ ಅವಳಿ ಮಕ್ಕಳ ಅಜ್ಜಿ ನಮ್ಮನ್ನು ಜಗಲಿಯಲ್ಲೇ ತಡೆದರು.

"ಇವು ಎಂಗ್ ಉಟ್ದೋ ಅಂತ ರಕ್ತ ತೆಗ್ದು ನೋಡ್ಬೇಕಾ? ನಾನೇ ಯೋಳ್ತೀನಿ. ನಮ್ ಸೊಸೆ ಜೋಡಿ ಬಾಳೆಅಣ್ಣು ತಿಂದ್ಲು."

ಡಾಕ್ಟರಮ್ಮ ನಕ್ಕರು. "ನಾನೂ ತಿಂದಿದ್ದೀನಜ್ಜಿ, ನನಗೆ ಒಂದೇ ಮಗು."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೀನು ತಿಂದದ್ದು ನಂಜನಗೂಡು ರಸಬಾಳೆ ಆಗಿರಾಕಿಲ್ಲ ಬುಡವ್ವ."

ಅಕ್ಕನಿಗೆ ಜಾಸ್ತಿ

ಸೋಸಲೆಗೆ ಒಬ್ಬಳನ್ನು, ಮುಡುಕುತೊರೆಗೆ ಇನ್ನೊಬ್ಬಳನ್ನು ಕೊಟ್ಟಿದ್ದ ಅವಳಿ ಅಕ್ಕತಂಗಿಯರು ನರಸೀಪುರದಲ್ಲಿ ಬಿಪಿ ತೋರಿಸಲು ಬಂದರು. ಅಕ್ಕನಿಗೆ ಹೆಚ್ಚಿತ್ತು. ಉಪ್ಪಿನಕಾಯಿ ಕಡಿಮೆ ಮಾಡಿ ಎಂದು ಅವಳಿಗೆ ಹೇಳುತ್ತಿದ್ದಂತೆ ತಂಗಿಯ ಮುಖ ಸಣ್ಣಗಾಯಿತು.

"ನಿಮ್ಮದು ಸರಿಯಾಗಿದೆಯಮ್ಮ, ಸಂತೋಷಪಡಿ" ಅಂದೆ.

"ಎಂಗ್ ಸಾ ಪಡೋದು? ನಮ್ಮಪ್ಪ ಇರೋಗಂಟ ಅವಳಿಗೇ ಜಾಸ್ತಿ ಕೊಡ್ತಿದ್ದ. ಈಗ ನೀವೂವಾ?"

ಒಂದೇ ರಕ್ತ

ಸುತ್ತೂರಿನ ಕಡೆಯ ಅವಳಿ ಅಣ್ಣತಮ್ಮಂದಿರ ಅಪ್ಪ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡಿದ್ದ. ಮಕ್ಕಳ ಕಾಲಾದರೂ ಉಳಿಯಲಿ ಎಂಬುದೇ ಮನೆಯವರ ಚಿಂತೆ. ಅಣ್ಣ ಬಂದು ನಗುನಗುತ್ತ ರಕ್ತ ಕೊಟ್ಟ. ಸ್ವಲ್ಪ ಹೊತ್ತಿಗೆ ತಮ್ಮನೂ ಹಾಗೇ ಕೊಟ್ಟ. ಇಬ್ಬರಿಗೂ ಸಕ್ಕರೆ ಇತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಪಥ್ಯ ಮಾಡಿ, ನಡೆಯಿರಿ ಎಂದರು ಡಾಕ್ಟರಮ್ಮ.

ತಮ್ಮನ ಹೆಂಡತಿ ಗಟ್ಟಿಗಿತ್ತಿ. ಬೆಲ್ಲದ ಡಬ್ಬ ಬಚ್ಚಿಟ್ಟಳು, ಗಂಡನ ಮೊಪೆಡ್ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಪಾಪ, ಅವನು ಗದ್ದೆಗೆ ನಡೆದೇ ಹೋಗಬೇಕಾಯಿತು. ಅಣ್ಣ ತನ್ನ ಮೊಪೆಡ್ಡಿನಲ್ಲಿ ಹೋಟೆಲಿಗೆ ಹೋಗಿ ಮೈಸೂರು ಪಾಕು ತಿನ್ನುತ್ತಿದ್ದ.

ಮುಂದಿನ ವರ್ಷ ತಮ್ಮನನ್ನು ಹೆಂಡತಿಯೇ ಕೈಹಿಡಿದು ಕರೆತಂದಳು. ಸೂಜಿ ಕಂಡದ್ದೇ ಅವನು ಬೆಂಚಿನ ಮೇಲೆ ಒರಗಿಬಿಟ್ಟ.

"ಹೋದ ವರ್ಷ ನಗ್ತಾ ಕೊಟ್ಟೆಯಲ್ಲಪ್ಪ?" ಅಂದೆ.

ಜೊತೆಗೆ ಬಂದಿದ್ದ ಅಣ್ಣ ತಲೆ ಕೆರೆದುಕೊಂಡ. "ಅವನಿಗೆ ಸೂಜಿ ಅಂದ್ರೆ ಭಯ ಸಾ. ಅಂಗಿ ಬದಲಾಯಿಸ್ಕೊಂಡು ಅವನ್ದೂ ನಾನೇ ಕೊಟ್ಟೆ. ಒಂದೇ ಒಟ್ಟೇಲಿ ಉಟ್ದೋರು, ರಕ್ತ ಬ್ಯಾರೆ ಆದದಾ?"

"ಅಂಗಾದ್ರೆ ವರ್ಷವೆಲ್ಲ ನಾನ್ ಪಥ್ಯ ಮಾಡ್ಸಿದ್ದು ಭಾವನ ರಕ್ತಕ್ಕಾ?" ಎಂದಳು ಹೆಂಡತಿ. ಇದನ್ನು ಅವಳಿಗೆ ಹೇಳಲು ಗಂಡನಿಗೆ ಸೂಜಿಗಿಂತಲೂ ಹೆಚ್ಚು ಭಯವಿತ್ತು.

ವಾರದ ಮೇಲೆ ಫಲಿತಾಂಶ ತಿಳಿಸಲು ಅವರ ಮನೆಗೇ ಹೋದೆವು. ತಮ್ಮನ ಸ್ವಂತ ರಕ್ತದಲ್ಲಿ ಸಕ್ಕರೆ ಸರಿಯಾಗಿತ್ತು, ಅಣ್ಣನದು ಏರಿತ್ತು. ಡಾಕ್ಟರಮ್ಮನ ಮುಖ ಅರಳಿತು.

"ಒಟ್ಟಿಗೆ ಹುಟ್ಟಿದೋರು. ಒಬ್ಬ ನಡೆದ, ಒಬ್ಬ ಕೂತ. ನಾವು ಹುಡುಕ್ತಿರೋದೇ ಇಂಥದ್ದನ್ನ. ಇನ್ನೂ ಹೊತ್ತು ಮೀರಿಲ್ಲಪ್ಪ, ನೀನೂ ನಡಿ, ಕಾಲು ಉಳಿಸ್ಕೊಬಹುದು."

ನನಗೂ ಬಹಳ ಖುಷಿಯಾಯಿತು. ಅಣ್ಣ ಮಾತ್ರ ಯೋಚನೆ ಮಾಡಿ, ತಮ್ಮನ ತೋಳನ್ನು ನನ್ನ ಮುಂದೆ ಚಾಚಿ ಹಿಡಿದ.

"ಅಷ್ಟೆಲ್ಲ ಯಾಕ್ ಸಾ? ಈ ಸಲ ಎರಡೂ ಇವನ್ದೇ ತಕಬುಡಿ."

ತಮ್ಮನ ಹೆಂಡತಿ ಸೆರಗಿನ ಗಂಟು ಬಿಚ್ಚುತ್ತ ಮುಂದೆ ಬಂದಳು. "ಆಗ್ಲಿ ಭಾವ. ಮೊದ್ಲು ನಿಮ್ ಗಾಡಿ ಕೀಲಿ ಇಲ್ಲಿ ಕೊಡಿ."