ತಾರೀಖಿನ ಮುಂದೆ ಎರಡು ಪದ

ಎಲ್ಲಕ್ಕೂ ಕಾರಣ ಕವಿತಳ ಕಣ್ಣು. ನೆಲಮಂಗಲದ ಆ ಗೋದಾಮಿನ ಆಫೀಸಿನಲ್ಲಿ ಪಕ್ಕದ ಮೇಜಿನ ಕಂಪ್ಯೂಟರೂ ತನ್ನದೇ ಎಂಬಂತೆ ಅದು ಓಡಾಡುತ್ತಿತ್ತು.

"ಏನೇ ಧನು, ಬರೀ ತಾರೀಖಿನ ಹೆಸರಿಟ್ಟು ಇಷ್ಟೊಂದು ಫೈಲು ಮಾಡಿದೀಯ? ಹಾಲಿನೋನ ಲೆಕ್ಕನಾ?"

"ಏನಿಲ್ಲ ಕಣೇ," ಎಂದಳು ಧನುಶ್ರೀ.

ಅದು ಅವಳ ದಿನಚರಿ. ಯಾರೊಂದಿಗೂ ಹೆಚ್ಚು ಮಾತಾಡದ ಹುಡುಗಿ, ಊಟದ ಬಿಡುವಿನಲ್ಲಿ ಡೈರಿ ಸಾಫ್ಟ್‌ವೇರ್ ತೆರೆದು ಮನಸ್ಸಿನಲ್ಲಿದ್ದುದನ್ನೆಲ್ಲ ಸುರಿಯುತ್ತಿದ್ದಳು. ಆ ಸಾಫ್ಟ್‌ವೇರೋ, ಪ್ರತಿ ದಿನದ ಬರಹಕ್ಕೂ ಅಂದಿನ ತಾರೀಖನ್ನೇ ಹೆಸರಿಟ್ಟು, ಕರೆದು ತೋರಿಸುವ ಹಾಗೆ ಸಾಲಾಗಿ ನಿಲ್ಲಿಸುತ್ತಿತ್ತು. ಕವಿತ ಒಂದನ್ನು ತೆರೆದರೆ ಸಾಕು, ಸಂಜೆಯೊಳಗೆ ಲಾರಿ ಡ್ರೈವರುಗಳಿಗೂ ಬಾಯಿಪಾಠ.

ಧನುಶ್ರೀ ಸೆಟ್ಟಿಂಗ್ಸ್ ಹುಡುಕಿ, ತಾರೀಖಿನ ಮುಂದೆ 'ಸರಕು ವರದಿ' ಎಂದು ಸೇರಿಸಿದಳು. ಅದು ಅವಳೇ ದಿನಾ ಮಾಡುತ್ತಿದ್ದ ಗೋದಾಮಿನ ವರದಿಯ ಹೆಸರು; ಆಫೀಸಿನಲ್ಲಿ ಯಾರೂ ಓದದ್ದೆಂದರೆ ಅದೊಂದೇ. ಮ್ಯಾನೇಜರ್ ಉಮಾಶಂಕರ್ ಕೂಡ ದಿನಾ ಸಂಜೆ ಅದನ್ನು ತೆರೆಯದೆ, ಹೆಸರಷ್ಟೇ ನೋಡಿ ಹೆಡ್ಡಾಫೀಸಿಗೆ ಮೇಲ್ ಮಾಡುತ್ತಿದ್ದರು. ಕುರಿಮಂದೆಯಲ್ಲಿ ಮೇಕೆ ಬಿಟ್ಟ ಹಾಗೆ ತನ್ನ ಫೈಲುಗಳನ್ನೂ ವರದಿಗಳ ಫೋಲ್ಡರಿಗೇ ದೂಡಿದಳು.

ಮಧ್ಯಾಹ್ನ ನೆಮ್ಮದಿಯಾಗಿ ಬರೆದಳು: ಉಮಾಶಂಕರ್ ಸರ್ ಇವತ್ತೂ ಊಟ ಮುಗಿಸಿ ಅಕ್ಕಿ ಮೂಟೆಗಳ ಹಿಂದೆ ಮಲಗಿದ್ದು, ಆ ಗೊರಕೆಗೆ ಹಿಂದಕ್ಕೆ ಬರುತ್ತಿದ್ದ ಲಾರಿ ಬೆದರಿ ನಿಂತದ್ದು, ಮೂರನೇ ಶೆಡ್ಡು ಸೋರಿ ಸೋಪಿನ ಪೆಟ್ಟಿಗೆಗಳು ನೊರೆ ಕಾರುತ್ತಿದ್ದರೂ ಯಾರೂ ಬಾಯಿಬಿಡದ್ದು.

ಸಂಜೆ ಅವಳು ಲಾರಿಯೊಂದಕ್ಕೆ ಗೇಟ್ ಪಾಸ್ ಕೊಟ್ಟು ಬರುವಷ್ಟರಲ್ಲಿ ಉಮಾಶಂಕರ್ ಅವಳ ಕುರ್ಚಿಯಲ್ಲಿದ್ದರು.

"ಏನಮ್ಮ, ಇವತ್ತಿಂದು ಎರಡೆರಡು ವರದಿ ಮಾಡಿದೀಯ? ದೊಡ್ಡದನ್ನ ಕಳಿಸ್ಬಿಟ್ಟೆ. ಕೆಲಸ ಮಾಡಿದಂಗೆ ಕಾಣ್ಲಿ."

"ಸರ್, ಅದು ವಾಪಸ್ಸು..."

"ಹೋಗಿದ್ದು ಎಲ್ಲಿ ವಾಪಸ್ಸು ಬರುತ್ತೆ? ಲಾರೀನಾ ಅದು?"

ಧನುಶ್ರೀ ಊಟದ ಡಬ್ಬಿಯನ್ನೂ ನೀರಿನ ಬಾಟ್ಲಿಯನ್ನೂ ಚೀಲಕ್ಕೆ ಹಾಕಿಕೊಂಡಳು. ಕೆಲಸ ಹೋಯಿತೆಂದೇ ಲೆಕ್ಕ.

ಫೋನು ಬಂತು. ಹೆಡ್ಡಾಫೀಸಿನ ದೊಡ್ಡ ಸಾಹೇಬರು. ಉಮಾಶಂಕರ್ ಎದ್ದು ನಿಂತು, "ಸರ್... ಮೂಟೆ ಹಿಂದೇನಾ ಸರ್..." ಎಂದು ಬೆವರೊರೆಸಿಕೊಂಡರು. ಕವಿತ ಸ್ಟೇಪ್ಲರ್ ಹುಡುಕುವ ನೆಪದಲ್ಲಿ ಫೋನಿನ ಪಕ್ಕಕ್ಕೇ ಬಂದಳು.

ಫೋನಿಟ್ಟ ಉಮಾಶಂಕರ್ ಮುಖ ಹಸಿ ಹಾಗಲಕಾಯಿ ಕಡಿದಂತಿತ್ತು.

"ಶೆಡ್ಡು ಸೋರೋದು ಅವರಿಗೆ ಇವತ್ತೇ ಗೊತ್ತಾಗಿದ್ದಂತೆ. ಖುಷಿಯಾಗ್ಬಿಟ್ಟಿದಾರೆ. ನಾಳೆಯಿಂದ ದಿನಾ ನೀನು ಹಿಂಗೇ ಬರೀಬೇಕಂತೆ. ನಾನು ಪೂರ್ತಿ ಓದಿ ಸೈನ್ ಹಾಕ್ಬೇಕಂತೆ."

"ತಪ್ಪಿದ್ರೆ ನಾನು ತಿದ್ದಿಕೊಡ್ತೀನಿ ಸರ್," ಎಂದಳು ಕವಿತ, ಕುರ್ಚಿ ಎಳೆದುಕೊಂಡು. "ಹಳೇವೂ ಇದಾವೆ ಅಲ್ವೇನೇ?"

ಉಮಾಶಂಕರ್ ದನಿ ತಗ್ಗಿಸಿದರು. "ನಾಳೆ ಏನು ಬರೀತೀಯ, ಈಗ್ಲೇ ಹೇಳ್ಬಿಡಮ್ಮ. ನಾನೆಲ್ಲಿ ಮಲಗ್ಬೇಕು ನೋಡ್ಕೋತೀನಿ."

ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಮರ್ತಿದ್ದೆ. ಮಾಮೂಲಿ ವರದಿ ಜೊತೆ ಬೆರೆತು ಹೋಗ್ಬಾರ್ದಂತೆ. ನಿನ್ನ ಫೈಲಿಗೆ ಬರೀ ತಾರೀಖಿನ ಹೆಸರು ಇಡ್ಬೇಕಂತೆ."

ಧನುಶ್ರೀ ಸೆಟ್ಟಿಂಗ್ಸ್ ತೆರೆದು, ಬೆಳಿಗ್ಗೆ ಸೇರಿಸಿದ್ದ ಎರಡು ಪದಗಳನ್ನು ಒಂದೊಂದೇ ಅಕ್ಷರವಾಗಿ ಅಳಿಸತೊಡಗಿದಳು.